ತುಂಬಿದ ಕೆರೆಯಲ್ಲಿ ಹಕ್ಕಿ ಎಲ್ಲಿ ಕಾಲೂರಬೇಕು?

ಪಕ್ಷಿ ಉತ್ಸವ ಹಾಗೂ ಕೆರೆ ಸೌಂದರ್ಯೀಕರಣದ ವಿಶೇಷಾಧಿಕಾರಿಗಳಿಗೆ

ಮಾನ್ಯರೇ,

ಹಕ್ಕಿಗಳ ಹೆಸರಿನಲ್ಲಿ ಉತ್ಸವ ಮಾಡಿ ತಾವು ನಮ್ಮ ಕೆರೆಯ ಹಕ್ಕಿಗಳನ್ನು ಓಡಿಸಿದ್ದೀರಿ. ಇದನ್ನು ಸುತ್ತಿ ಬಳಸಿ ಹೇಳುವ ವ್ಯವಧಾನ ನನಗಿಲ್ಲ. ಲಕ್ಷ್ಮೇಶ್ವರದಿಂದ ಅಡರಕಟ್ಟಿಯ ಕಡೆಗೆ ಹೋಗುವ ದಾರಿಯಲ್ಲಿರುವ ಕೆರೆಯ ಮಾತು ಇದು. ಪ್ರತಿ ಚಳಿಗಾಲ ಅಲ್ಲಿ ತೆಳುನೀರಿನಲ್ಲಿ ನಡೆದಾಡಿಕೊಂಡು ಮೇಯುತ್ತಿದ್ದ ಮೆಟ್ಟುಗಾಲು ಹಕ್ಕಿ, ಗೊರವ, ಚಮಚದಂಥ ಕೊಕ್ಕಿನ ಬಿಳಿ ಕೊಕ್ಕರೆ, ಯಾವುದೂ ಈಗ ಅಲ್ಲಿಲ್ಲ. ಇರುವುದು ತಮ್ಮ ಸ್ವಾಗತ ಕಮಾನು ಮತ್ತು ದಂಡೆಯ ಕಲ್ಲು ಮುಟ್ಟುವಂತೆ ತುಂಬಿ ನಿಂತ ನೀರು. ತಮ್ಮ ಕಚೇರಿ ಪತ್ರಿಕೆಗಳಿಗೆ ಕಳಿಸಿದ ಪ್ರಕಟಣೆಯಲ್ಲಿ ಉತ್ಸವವು ‘ಅಭೂತಪೂರ್ವ ಯಶಸ್ಸು’ ಕಂಡಿತು ಎಂದಿದೆ. ಅಭೂತಪೂರ್ವ ಎಂಬುದನ್ನು ನಾನೂ ಒಪ್ಪುತ್ತೇನೆ. ಒಂದು ಹಕ್ಕಿಯೂ ಇಲ್ಲದ ಪಕ್ಷಿ ಉತ್ಸವ ಈ ಸೀಮೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ.

ನಾನು ಯಾರೆಂದು ತಮಗೆ ನೆನಪಿರಬಹುದು, ಇಲ್ಲದಿದ್ದರೆ ಹೇಳುತ್ತೇನೆ. ಲಕ್ಷ್ಮೇಶ್ವರದಲ್ಲಿ ಫೋಟೋ ಸ್ಟುಡಿಯೋ ಇಟ್ಟುಕೊಂಡವಳು, ಹೆಸರು ಶೈಲಾ. ಅಪ್ಪನಿಂದ ಬಂದ ಕಸುಬು. ಮದುವೆ, ಬಸುರಿಯರ ಕುಬಸ, ತೊಟ್ಟಿಲು, ಅರ್ಜಿಗೆ ಅಂಟಿಸುವ ಸಿಟ್ಟಿನ ಮುಖ, ಎಲ್ಲವನ್ನೂ ತೆಗೆಯುತ್ತೇನೆ. ಅಕ್ಕಿಕಾಳು ಬೀಳುವ ಹೊತ್ತಿಗೆ ಸರಿಯಾಗಿ ಮದುಮಕ್ಕಳಿಗೆ ಅಡ್ಡ ಬಂದು ನಿಲ್ಲುವ ಸೋದರಮಾವಂದಿರನ್ನು ಪಕ್ಕಕ್ಕೆ ದೂಡುವುದರಲ್ಲೇ ಅರ್ಧ ಆಯುಷ್ಯ ಹೋಗಿದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಕ್ಯಾಮೆರಾ ನೋಡುತ್ತಾರೆ, ಎಲ್ಲರೂ ಸೆರಗು ಸರಿಮಾಡಿಕೊಳ್ಳುತ್ತಾರೆ, ತೊಟ್ಟಿಲಿನ ಕೂಸೊಂದನ್ನು ಬಿಟ್ಟು ಯಾರೂ ತಮ್ಮ ಪಾಡಿಗೆ ತಾವಿರುವುದಿಲ್ಲ. ಅದಕ್ಕೇ ಇರಬೇಕು, ಒಂದು ಚಳಿಗಾಲ ಮೆಟ್ಟುಗಾಲು ಹಕ್ಕಿಗಳು ನನ್ನನ್ನು ಲೆಕ್ಕಕ್ಕೇ ಇಟ್ಟುಕೊಳ್ಳದೆ ಮೇಯುವುದನ್ನು ನೋಡಿದ ಮೇಲೆ ನನಗೆ ಆ ಕೆರೆಯಂಚಿನ ಹುಚ್ಚು ಹಿಡಿಯಿತು. ಅಂದಿನಿಂದ ಚಳಿಗಾಲದಲ್ಲಿ ಮದುವೆಯಿಲ್ಲದ ಮುಂಜಾವುಗಳೆಲ್ಲ ನನ್ನವು ಮತ್ತು ಅವುಗಳವು.

ನೀರಿನಲ್ಲಿ ಮೇಯುವ ಹಕ್ಕಿಯ ಚಿತ್ರ ತೆಗೆಯುವ ಬಗೆ ತಮಗೆ ತಿಳಿದಿರಲಾರದು. ದಂಡೆಯ ಮೇಲೆ ನಿಂತು ತೆಗೆದರೆ ಹಕ್ಕಿ ನೀರಿಗೆ ಬಿದ್ದ ಕಾಗದದ ಚೂರಿನ ಹಾಗೆ ಕಾಣುತ್ತದೆ. ಅದರ ಕಣ್ಣಿನ ಮಟ್ಟಕ್ಕೆ ನಾವು ಇಳಿಯಬೇಕು, ಇಳಿಯುವುದೆಂದರೆ ಕೆಸರಿನಲ್ಲಿ ಬೋರಲು ಮಲಗುವುದು. ನಮ್ಮವ್ವ ನೀಲಗಂಗವ್ವ ರೊಟ್ಟಿಯ ಹಿಟ್ಟು ನಾದುತ್ತಿದ್ದ ದೊಡ್ಡ ಪರಾತವನ್ನು ಕೆಸರಿನ ಮೇಲಿಟ್ಟು, ಅದರೊಳಗೆ ಜೋಳ ತುಂಬಿದ ಚೀಲವಿಟ್ಟು, ಚೀಲದ ಮೇಲೆ ಕ್ಯಾಮೆರಾ ಕೂರಿಸುತ್ತೇನೆ. ಪರಾತ ಹೂತುಹೋಗುವುದಿಲ್ಲ. ಮೊಣಕೈಯಿಂದ ಮೆಲ್ಲಗೆ ಜಾರಿಸುತ್ತ ನೀರಿನವರೆಗೆ ಹೋಗಬಹುದು. ಮೊದಲ ವರ್ಷ ಕೆರೆಯ ಕೆಳಗಿನ ಹೊಲದ ಹುಚ್ಚೀರಪ್ಪ ನನ್ನನ್ನು ಕಂಡು ಗಾಬರಿಯಿಂದ ಓಡಿ ಬಂದಿದ್ದ. ‘ಯಾರ್ದೋ ಹೆಣ ತೇಲಿ ಬಂದೈತಿ ಅಂತ ಓಡಿ ಬಂದ್ನಿ ಯವ್ವಾ, ನೀ ನೋಡಿದ್ರ ಪರಾತ ಹಿಡ್ಕೊಂಡು ಮಲಗೀದಿ!’ ಎಂದು ಅಲ್ಲೇ ಕುಸಿದು ಕೂತ. ಅವನ ಗದ್ದಲಕ್ಕೆ ಆ ದಿನದ ಹಕ್ಕಿಗಳೆಲ್ಲ ಹಾರಿಹೋದವು. ಅವ್ವ ಪರಾತವನ್ನು ನನಗೇ ಬಿಟ್ಟುಕೊಟ್ಟಳು. ‘ಕೆರಿ ರಾಡಿ ಬಡದ ಪರಾತದಾಗ ನಾ ಹಿಟ್ಟ ನಾದಾಂಗಿಲ್ಲ. ನಿನ್ನ ಹಕ್ಕಿಗೇ ರೊಟ್ಟಿ ಬಡದ ಹಾಕು ಹೋಗು’ ಎಂದಳು.

ಹಾಗೆ ಮಲಗಿ ನೋಡಿದವರಿಗೆ ಒಂದು ಸಂಗತಿ ಬೇಗ ತಿಳಿಯುತ್ತದೆ. ಈ ಹಕ್ಕಿಗಳು ಈಜುವುದಿಲ್ಲ, ನಡೆಯುತ್ತವೆ. ಮೆಟ್ಟುಗಾಲು ಹಕ್ಕಿ ತನ್ನ ಉದ್ದನೆಯ ಗುಲಾಬಿ ಕಾಲನ್ನು ನೀರು ಕದಡದಂತೆ ಎತ್ತಿ ಇಡುತ್ತ ಹುಳ ಹೆಕ್ಕುತ್ತದೆ. ಗೊರವ ಕೊಕ್ಕನ್ನು ಬುಡದ ತನಕ ಕೆಸರಿಗೆ ಊರಿ ಒಳಗೇ ಹುಡುಕುತ್ತದೆ. ಚಮಚ ಕೊಕ್ಕಿನದು ನೆಲ ಒರೆಸುವವರ ಹಾಗೆ ಕೊಕ್ಕನ್ನು ಅತ್ತಿತ್ತ ಆಡಿಸುತ್ತ ಹೋಗುತ್ತದೆ. ಎಲ್ಲಕ್ಕೂ ಬೇಕಾದದ್ದು ಕಾಲು ಊರುವಷ್ಟು, ಕೊಕ್ಕು ತಳ ಮುಟ್ಟುವಷ್ಟು ನೀರು. ನಮ್ಮ ಕೆರೆಯ ಒಂದು ಬದಿಗೆ ದಂಡೆ, ಎದುರು ಬದಿಗೆ ಇಳಿಜಾರು ನೆಲ. ಮಳೆಗಾಲದಲ್ಲಿ ತುಂಬಿದ ನೀರು ದೀಪಾವಳಿಯ ನಂತರ ತೂಬಿನಿಂದ ಹೊಲಗಳಿಗೆ ಹರಿದು ದಿನದಿನಕ್ಕೆ ಹಿಂದೆ ಸರಿಯುತ್ತದೆ. ಆಗ ಆ ಇಳಿಜಾರಿನಲ್ಲಿ ಪಾದ ಮುಳುಗುವಷ್ಟು ನೀರಿನ ಅಗಲವಾದ ಪಟ್ಟಿಯೊಂದು ಏಳುತ್ತದೆ. ಹಕ್ಕಿಗಳ ಊಟದ ಪಂಕ್ತಿ ಕೂರುವುದು ಅಲ್ಲೇ. ಇದರಲ್ಲಿ ಅರ್ಥವಾಗದಂಥದ್ದು ಏನಿದೆ?

ಈ ವರ್ಷ ಮಾಗಿಯ ಚಳಿ ಶುರುವಾದಾಗ ಲಕ್ಷ್ಮೇಶ್ವರದ ಬಸ್ ನಿಲ್ದಾಣದಲ್ಲಿ ತಮ್ಮ ಫ್ಲೆಕ್ಸ್ ಕಂಡೆ. ‘ಪಕ್ಷಿ ಉತ್ಸವ ಮತ್ತು ಛಾಯಾಚಿತ್ರ ಸ್ಪರ್ಧೆ’ ಎಂದು ದಪ್ಪ ಅಕ್ಷರ. ನಡುವೆ ಇದ್ದದ್ದು ನಾನು ತೆಗೆದ ಮೆಟ್ಟುಗಾಲು ಹಕ್ಕಿ. ಕೇಳದೆ ತೆಗೆದುಕೊಂಡಿದ್ದಕ್ಕೆ ನಾನು ಹೆಚ್ಚು ಬೇಜಾರು ಮಾಡಿಕೊಳ್ಳಲಿಲ್ಲ, ನಮ್ಮ ಕಡೆ ಚಿತ್ರ ಎಂದರೆ ಗಾಳಿಯಲ್ಲಿ ಹಾರಿ ಬಂದ ವಸ್ತು ಎಂದೇ ಎಲ್ಲರ ತಿಳಿವಳಿಕೆ. ಆದರೆ ಮಾನ್ಯರೇ, ಆ ಹಕ್ಕಿಯ ಕಾಲು ಎಲ್ಲಿ ಹೋದವು? ಕೆಳಗಡೆ ಗಣ್ಯರ ಮುಖಗಳನ್ನು ಸಾಲಾಗಿ ಕೂರಿಸಲು ಜಾಗ ಸಾಲಲಿಲ್ಲವೆಂದು ತಮ್ಮವರು ಹಕ್ಕಿಯನ್ನು ಹೊಟ್ಟೆಯ ಕೆಳಗೆ ಕತ್ತರಿಸಿದ್ದರು. ನೀರೂ ಇಲ್ಲ, ಕಾಲೂ ಇಲ್ಲ. ಹೆಸರಿನಲ್ಲೇ ಕಾಲಿಟ್ಟುಕೊಂಡ ಹಕ್ಕಿಯ ಕಾಲು ತೆಗೆದು, ಅದರ ಬಲಕ್ಕೆ ಕೈಮುಗಿದು ನಿಂತ ತಮ್ಮ ಭಾವಚಿತ್ರವನ್ನು ನಿಲ್ಲಿಸಿದ್ದರು. ತಮ್ಮದು ಮಾತ್ರ ನಖಶಿಖಾಂತ ಇತ್ತು, ಬೂಟು ಕೂಡ ಕಾಣುತ್ತಿತ್ತು.

ಮರುದಿನವೇ ತಮ್ಮ ಕಚೇರಿಯಿಂದ ಫೋನ್ ಬಂತು. ಸ್ಪರ್ಧೆಗೆ ನಾನು ತೀರ್ಪುಗಾರ್ತಿಯಾಗಬೇಕಂತೆ. ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಒಪ್ಪಿಕೊಂಡೆ. ಆಮೇಲೆ ತಿಳಿದದ್ದು, ಉತ್ಸವದ ದಿನ ಗಣ್ಯರೊಬ್ಬರು ಕೆರೆಗೆ ಬಾಗಿನ ಬಿಡುವ ಕಾರ್ಯಕ್ರಮವೂ ಇದೆ ಎಂದು. ಬಾಗಿನ ಕೊಡುವುದು ತುಂಬಿದ ಕೆರೆಗೆ. ಕೆರೆ ಆಗಲೇ ಅರ್ಧಕ್ಕೆ ಇಳಿದಿತ್ತು, ಇಳಿದದ್ದರಿಂದಲೇ ಹಕ್ಕಿ ಬಂದಿದ್ದವು. ಅದಕ್ಕೆ ತಾವು ಕಂಡುಕೊಂಡ ಪರಿಹಾರ, ಏತ ನೀರಾವರಿಯ ಕಾಲುವೆಯಿಂದ ನೀರು ತಿರುಗಿಸಿ ಮಾಗಿಯ ಚಳಿಯಲ್ಲಿ ಕೆರೆ ತುಂಬಿಸುವುದು. ಸುದ್ದಿ ಕೇಳಿದವಳೇ ಬಸ್ ಹತ್ತಿ ಗದಗಕ್ಕೆ, ತಮ್ಮ ಕಚೇರಿಗೆ ಬಂದೆ.

ಆ ಭೇಟಿ ತಮಗೆ ನೆನಪಿಲ್ಲದಿದ್ದರೂ ನನಗೆ ಚೆನ್ನಾಗಿ ನೆನಪಿದೆ. ‘ಸರ್, ನೀರು ಏರಿದ್ರ ಹಕ್ಕಿ ಹೋಗ್ತಾವ್ರಿ’ ಎಂದೆ. ತಾವು ನಕ್ಕು, ‘ಮೇಡಂ, ನೀರು ಹೆಚ್ಚಾದ್ರೆ ನೀರಿನ ಹಕ್ಕಿನೂ ಹೆಚ್ಚಾಗ್ತವೆ, ಇದು ಸಾಮಾನ್ಯ ಜ್ಞಾನ’ ಎಂದಿರಿ. ಇವು ಈಜುವ ಹಕ್ಕಿಯಲ್ಲ, ನಡೆಯುವ ಹಕ್ಕಿ ಎಂದೆ. ನನ್ನ ಫೋನಿನಲ್ಲಿದ್ದ ಚಿತ್ರಗಳನ್ನು ತೋರಿಸಿದೆ, ಮೊಣಕಾಲುಮಟ್ಟ ನೀರಿನಲ್ಲಿ ನಿಂತ ಹಕ್ಕಿ, ಅದರ ನೆರಳು, ಕೊಕ್ಕಿನ ತುದಿಯಲ್ಲಿ ಹುಳ. ತಾವು ಒಂದೊಂದನ್ನೇ ಸರಿಸಿ ನೋಡಿ ‘ಬ್ಯೂಟಿಫುಲ್, ಇವನ್ನೂ ಕಳಿಸಿಕೊಡಿ, ಮುಂದಿನ ಫ್ಲೆಕ್ಸಿಗೆ ಆಗ್ತವೆ’ ಎಂದಿರಿ. ನಾನು ಮತ್ತೆ ನೀರಿನ ಮಾತು ತೆಗೆದಾಗ ತಮ್ಮ ಮುಖ ಗಂಭೀರವಾಯಿತು. ‘ಅಂದ್ರೆ ಬರಗಾಲದ ಸೀಮೇಲಿ ಕೆರೆ ತುಂಬಿಸೋದನ್ನ ನೀವು ವಿರೋಧಿಸ್ತೀರಿ ಅಂತಾಯ್ತು?’ ಎಂದು ಕೇಳಿದಿರಿ. ಪಕ್ಕದಲ್ಲಿದ್ದ ಗುಮಾಸ್ತರು ಪೆನ್ನು ತೆಗೆದು, ‘ಹಾಂಗಂತ ಬರ್ಕೊಳ್ಳೇನ್ರಿ ಸಾಹೇಬ್ರ?’ ಎಂದರು. ನಾನು ಎದ್ದು ಬಂದೆ.

ನಾನು ಮನೆ ಮುಟ್ಟುವ ಮೊದಲೇ ಆ ಮಾತು ಲಕ್ಷ್ಮೇಶ್ವರ ಮುಟ್ಟಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು. ‘ಕೆರಿ ತುಂಬೂದು ಬ್ಯಾಡ ಅಂತ ಬಾಯಿಬಿಟ್ಟು ಹೇಳಿ ಬಂದೀ ಅಂತಲ್ಲ, ನಾಲಿಗಿ ಹೆಂಗ ಹೊಳ್ಳಿತ ನಿಂದು? ಹನಿ ನೀರಿಗೆ ಕೊಡ ಹೊತ್ತು ಹೊತ್ತು ನೆತ್ತಿ ಬೋಳಾಗೇತಿ ನಂದು’ ಎಂದಳು. ಅವಳ ಸಿಟ್ಟು ಖರೆ. ಈ ನೆಲದಲ್ಲಿ ತುಂಬಿದ ಕೆರೆ ಬೇಡವೆನ್ನುವ ಹೆಣ್ಣನ್ನು ಯಾರೂ ಮನೆಯೊಳಗೆ ಕರೆಯುವುದಿಲ್ಲ. ನಾನೂ ಬೇಡ ಅಂದವಳಲ್ಲ. ಮಳೆಗೆ ತುಂಬಲಿ, ತುಂಬಿದ್ದು ಹೊಲಕ್ಕೆ ಹೋಗಲಿ, ಹೋದಂತೆ ಅಂಚು ತೆರೆಯಲಿ, ಇಷ್ಟೇ ನಾನು ಹೇಳಿದ್ದು. ಆದರೆ ತಮ್ಮ ಒಂದು ಪ್ರಶ್ನೆ ನನ್ನನ್ನು ಊರಿನ ನೀರಿಗೆ ಕಲ್ಲು ಹಾಕುವವಳನ್ನಾಗಿ ಮಾಡಿತು. ಆ ಒಂದು ಕೆಲಸದಲ್ಲಿ ಮಾತ್ರ ತಮ್ಮ ಜಾಣತನವನ್ನು ಮೆಚ್ಚಬೇಕು.

ನೀರು ಬಂತು. ದಿನಕ್ಕಿಷ್ಟು ಏರುತ್ತ ಹೋಯಿತು. ನಾನು ದಿನಾ ಹೋಗಿ ನೋಡಿದೆ. ಮೊದಲು ಸಣ್ಣ ಕಾಲಿನ ಉಲ್ಲಂಕಿಗಳು ಹೋದವು, ಗುಬ್ಬಿಗಿಂತ ತುಸು ದೊಡ್ಡವು ಅವು, ಬೆರಳುದ್ದ ನೀರಷ್ಟೇ ಅವಕ್ಕೆ ಸಾಕು. ಆಮೇಲೆ ಗೊರವಗಳು. ಮೆಟ್ಟುಗಾಲು ಹಕ್ಕಿಗಳು ಉದ್ದ ಕಾಲಿನ ಧೈರ್ಯದಿಂದ ಒಂದಿಷ್ಟು ದಿನ ತಡೆದವು. ನೀರು ಹೊಟ್ಟೆಗೆ ತಾಗುತ್ತಿದ್ದರೂ ತಲೆ ಮುಳುಗಿಸಿ ತಳ ಹುಡುಕುತ್ತಿದ್ದವು. ಒಂದು ಬೆಳಿಗ್ಗೆ ಅವೂ ಇರಲಿಲ್ಲ. ಸಿಂಗಟಾಲೂರಿನ ಕಡೆ ಹೊಳೆಯ ಮರಳಿಗೆ ಹೋದವೋ, ಇನ್ನೆಲ್ಲಿಗೋ, ನನಗೆ ಗೊತ್ತಿಲ್ಲ. ಮನೆಗೆ ಬಂದು ಅವ್ವನಿಗೆ ಕಾಣದಂತೆ ಹಿತ್ತಲಲ್ಲಿ ನಿಂತು ಅತ್ತೆ.

ಉತ್ಸವದ ಬೆಳಿಗ್ಗೆಯ ವೈಭವವನ್ನು ಕಾಣದವರಿಗಾಗಿ ಒಂದಿಷ್ಟು ಬರೆಯುತ್ತೇನೆ. ದಂಡೆಯ ಮೇಲೆ ಶಾಮಿಯಾನ, ಕುರ್ಚಿ, ಹೂವಿನ ಹಾರ. ಗದಗ, ಶಿರಹಟ್ಟಿ, ಮುಂಡರಗಿಗಳಿಂದ ಹುಡುಗರು ತೋಳುದ್ದದ ಲೆನ್ಸ್ ಹೊತ್ತು ಬಂದಿದ್ದರು. ‘ದಯವಿಟ್ಟು ಹಕ್ಕಿಗಳಿಗೆ ತೊಂದರೆಯಾಗದಂತೆ ಮೌನ ಕಾಪಾಡಬೇಕು’ ಎಂದು ಧ್ವನಿವರ್ಧಕ ಅಡರಕಟ್ಟಿಗೂ ಕೇಳುವ ಹಾಗೆ ಕೂಗುತ್ತಿತ್ತು. ನೀರು ಹೊಳೆಯುತ್ತಿತ್ತು. ಹಕ್ಕಿ ಇರಲಿಲ್ಲ. ಗಣ್ಯರು ಬರುವ ಹೊತ್ತಾದಂತೆ ತಮ್ಮ ಸಿಬ್ಬಂದಿಗೆ ಕಳವಳ ಶುರುವಾಯಿತು. ಗಿರ್ಮಿಟ್ ಅಂಗಡಿಯವನ ಹತ್ತಿರ ಓಡಿ ಚುರುಮುರಿಯ ಚೀಲಗಳನ್ನೇ ಹೊತ್ತು ತಂದು ನೀರಿಗೆ ಸುರಿದರು. ಗೊರವ ಕೆಸರಿನ ಹುಳ ತಿನ್ನುವ ಹಕ್ಕಿ. ಅದು ಚುರುಮುರಿಗೆ ಬರುವುದಿಲ್ಲ, ಮಿರ್ಚಿ ಭಜಿ ಇಟ್ಟಿದ್ದರೂ ಬರುತ್ತಿರಲಿಲ್ಲ. ಬಂದದ್ದು ಊರಿನ ಕಾಗೆಗಳು ಮತ್ತು ಎರಡು ನಾಯಿ. ಚುರುಮುರಿ ದಂಡೆಯುದ್ದಕ್ಕೂ ತೇಲಿ ಬಂದು ಕಲ್ಲಿಗೆ ಅಂಟಿಕೊಂಡಿತು. ದೂರದಿಂದ ನೋಡಿದ ಗಣ್ಯರು ‘ಎಷ್ಟೊಂದು ಬಿಳಿ ಹಕ್ಕಿ!’ ಎಂದರು. ತಾವು ಹೌದೆಂದು ತಲೆಯಾಡಿಸಿದಿರಿ.

ಬಾಗಿನಕ್ಕೆ ಊರಿನ ಹೆಣ್ಣುಮಕ್ಕಳನ್ನು ಕರೆಸಿದ್ದಿರಲ್ಲ, ಅವರಲ್ಲಿ ನಮ್ಮವ್ವನೂ ಇದ್ದಳು. ನನ್ನ ಮೇಲಿನ ಸಿಟ್ಟಿಗೇ ಹೊಸ ಸೀರೆ ಉಟ್ಟು ಬಂದಿದ್ದಳು. ಮೊರದಲ್ಲಿ ಬಳೆ, ಅರಿಸಿನ, ಕುಂಕುಮ, ಖಣ ಇಟ್ಟು ಕಾಯುತ್ತಿದ್ದವಳ ಕಣ್ಣಿಗೆ ಕಾಲುವೆಯ ಕಡೆಯಿಂದ ಇನ್ನೂ ನೀರು ಧುಮುಕುತ್ತಿದ್ದದ್ದು ಬಿತ್ತು. ‘ಮಳಿ ಇಲ್ದ ಎಲ್ಲಿಂದ ಬರಾಕತ್ತೈತಿ ಇದು?’ ಎಂದು ಪಕ್ಕದವಳನ್ನು ಕೇಳಿದಳು. ಈ ಕಾರ್ಯಕ್ರಮಕ್ಕಾಗಿಯೇ ತುಂಬಿಸಿದ್ದಾರೆ ಎಂದು ಅವಳು ಹೇಳಿದಳು. ಅವ್ವ ಮೊರವನ್ನು ಕೆಳಗಿಟ್ಟಳು. ‘ಬಸುರಿ ಇಲ್ದಾಕಿಗೆ ಹೊಟ್ಟಿಗೆ ಅರಬಿ ಕಟ್ಟಿ ಕುಬಸ ಮಾಡಿದಾಂಗಾತಲ್ಲ ಇದು!’ ಎಂದು ಮೈಕಿನ ಎದುರೇ ಅಂದಳು. ಕುಬಸದ ಉಪಮೆ ತಮಗೆ ರುಚಿಸಲಿಲ್ಲ. ಆದರೆ ಆ ಇಡೀ ಬೆಳಗಿನಲ್ಲಿ ಅಲ್ಲಿ ಕೇಳಿದ ಖರೆ ಮಾತು ಅದೊಂದೇ. ಮೈಕಿನವನು ಗಡಬಡಿಸಿ ಹಾಡು ಹಾಕಿದ.

ಇನ್ನು ಸ್ಪರ್ಧೆ. ಮಧ್ಯಾಹ್ನ ಶಾಮಿಯಾನದಡಿ ಮೂವರು ತೀರ್ಪುಗಾರರು ಕೂತೆವು: ನಾನು, ಮಲ್ಲಸಮುದ್ರದಿಂದ ಬಂದ ಒಬ್ಬ ನಿವೃತ್ತ ಉಪನ್ಯಾಸಕರು, ಮೂರನೆಯವರು ತಾವು. ಬಂದ ಚಿತ್ರಗಳಲ್ಲಿ ಕಾಗೆಯೇ ಹೆಚ್ಚು. ಕಾಗೆಗೆ ಬಹುಮಾನ ಕೊಡಲು ನನ್ನ ಅಡ್ಡಿ ಇರಲಿಲ್ಲ, ಒಂದೆರಡು ಚೆನ್ನಾಗಿಯೇ ಇದ್ದವು. ಆಗ ಪರದೆಯ ಮೇಲೆ ಒಂದು ಮೆಟ್ಟುಗಾಲು ಹಕ್ಕಿ ಬಂತು. ಸ್ಪಷ್ಟವಾದ ಕಣ್ಣು, ಕೊಕ್ಕಿನ ಮೇಲೆ ನೀರ ಹನಿ. ತಾವು ಕುರ್ಚಿಯಿಂದ ಅರ್ಧ ಎದ್ದು ‘ಇದೇ! ಇದೇ ಮೊದಲನೇ ಬಹುಮಾನ!’ ಎಂದಿರಿ. ನಾನು ನೋಡಿದೆ. ಹಕ್ಕಿಗೆ ಕಾಲಿರಲಿಲ್ಲ.

ಮಾನ್ಯರೇ, ಅದು ಕಮಾನಿಗೆ ಕಟ್ಟಿದ್ದ ತಮ್ಮದೇ ಫ್ಲೆಕ್ಸಿನ ಚಿತ್ರ. ಮುಂಡರಗಿಯ ವೀರು ಎಂಬ ಹುಡುಗ ಫ್ಲೆಕ್ಸಿನಲ್ಲಿದ್ದ ಹಕ್ಕಿಗೆ ಗುರಿಯಿಟ್ಟು ತೆಗೆದಿದ್ದ. ನಾನು ಮೂರು ವರ್ಷದ ಹಿಂದೆ ಕೆಸರಿನಲ್ಲಿ ಮಲಗಿ ತೆಗೆದ ಹಕ್ಕಿ ಅದು. ಹಾಗೆಂದು ಹೇಳಿದೆ. ಕಾಲಿಲ್ಲದ್ದನ್ನು ತೋರಿಸಿದೆ. ಉಪನ್ಯಾಸಕರು ಕನ್ನಡಕ ಏರಿಸಿ, ‘ಕಾಲು ನೀರಾಗ ಮುಳುಗ್ಯಾವ್ರಿ. ಕೆರಿ ತುಂಬೇತಲ್ರಿ’ ಎಂದರು. ತುಂಬಿದ ಕೆರೆಯಲ್ಲಿ ಹಕ್ಕಿಗೆ ಆಗುವುದೇನೆಂದು ನಾನು ಗದಗಕ್ಕೆ ಬಂದು ಹೇಳಿದ್ದು ಇದನ್ನೇ, ಅವರು ಅದನ್ನೇ ಬಹುಮಾನಕ್ಕೆ ಸಮರ್ಥನೆ ಮಾಡಿಕೊಂಡರು. ಚಿತ್ರದ ಬಲಬದಿಯಲ್ಲಿ ಗಡಿಯಾರ ಕಟ್ಟಿದ ಒಂದು ಮುಂಗೈ ಇಣುಕುತ್ತಿತ್ತು. ಅದನ್ನೂ ತೋರಿಸಿದೆ. ‘ಟೊಂಗಿ ಇರ್ಬೇಕ್ರಿ’ ಎಂದರು ಅವರು. ನಾನು ಅನೇಕ ಮರಗಳನ್ನು ನೋಡಿದ್ದೇನೆ, ಕೈಗಡಿಯಾರ ಕಟ್ಟಿದ ಟೊಂಗೆಯನ್ನು ಕಂಡಿಲ್ಲ. ಆ ಮುಂಗೈ ಯಾರದೆಂದು ತಮಗೆ ತಕ್ಷಣ ಗೊತ್ತಾಯಿತು. ತಾವು ಮೇಜಿನ ಮೇಲಿದ್ದ ಎಡಗೈಯನ್ನು ಮೆಲ್ಲಗೆ ಕೆಳಗೆ ತೆಗೆದುಕೊಂಡು, ‘ಬಹುಮತದ ತೀರ್ಮಾನ’ ಎಂದಿರಿ.

ನಾನು ಸಹಿ ಹಾಕದೆ ಎದ್ದೆ. ವೀರು ಕಮಾನಿನ ಹತ್ತಿರ ಸಿಕ್ಕ. ಬೈಯಬೇಕೆಂದೇ ಹೋದೆ. ‘ಅಕ್ಕಾರ, ಹಕ್ಕಿ ಎಲ್ಲಿದ್ವು ಹೇಳ್ರಿ? ಮುಂಜಾನಿಯಿಂದ ಕಾಯ್ದು ಕಾಯ್ದು ಕುತಗಿ ನೋವಾತು. ಅದೊಂದ ಕಾಣ್ತು, ಹೊಡದ್ನಿ. ಗೆಲ್ಲತೈತಿ ಅಂತ ನಾ ಏನ್ ಕನಸ ಕಂಡಿದ್ನೇನ್ರಿ?’ ಎಂದ. ಅವನ ಮೇಲೆ ಸಿಟ್ಟು ಮಾಡಲು ಆಗಲಿಲ್ಲ. ಹಕ್ಕಿ ನೋಡಲು ಬಂದ ಹುಡುಗನಿಗೆ ತಾವು ತೋರಿಸಿದ್ದು ಫ್ಲೆಕ್ಸು, ಅವನು ತೆಗೆದದ್ದೂ ಅದನ್ನೇ. ನಿಜವಾದ ಹಕ್ಕಿ ನೀರಿನಲ್ಲಿ ನಡೆಯುವುದನ್ನು ಅವನು ಇನ್ನೂ ನೋಡಿಲ್ಲವಂತೆ. ನೀರು ಇಳಿದ ಮೇಲೆ ಬಾ, ತೋರಿಸುತ್ತೇನೆ ಎಂದೆ. ಯಾವಾಗ ಎಂದು ಕೇಳಿದ. ಇನ್ನು ಕೆಲವೇ ವಾರ ಎಂದೆ.

ಆ ಮಾತನ್ನು ಸುಳ್ಳು ಮಾಡಿದವರೂ ತಾವೇ. ಉತ್ಸವ ಮುಗಿದರೆ ನೀರು ಎಂದಿನಂತೆ ತೂಬಿನಿಂದ ಹೊಲಗಳಿಗೆ ಹೋಗುತ್ತದೆ, ಅಂಚು ತೆರೆಯುತ್ತದೆ ಎಂದು ನಂಬಿ ಕೂತಿದ್ದೆ. ಹುಚ್ಚೀರಪ್ಪನೂ ಹಾಗೇ ನಂಬಿದ್ದ. ಅವನ ಉಳ್ಳಾಗಡ್ಡಿ ಈಗ ಗಡ್ಡೆ ಕಟ್ಟುವ ಹೊತ್ತು. ಕೆರೆ ತುಂಬುತ್ತಿದ್ದಾಗ ಊರಿನಲ್ಲಿ ಅವನಷ್ಟು ಖುಷಿಪಟ್ಟವರಿಲ್ಲ, ನನ್ನನ್ನು ಕಂಡಾಗಲೆಲ್ಲ ‘ಏನ ಯವ್ವಾ, ನಿನ್ನ ಹಕ್ಕಿಕಿಂತ ನನ್ನ ಉಳ್ಳಾಗಡ್ಡಿ ಹೆಚ್ಚು ಬಿಡು’ ಎಂದು ಛೇಡಿಸುತ್ತಿದ್ದ. ಉತ್ಸವದ ಮರುವಾರ ತೂಬು ಎತ್ತಲು ಹೋದವನು ನೇರ ನಮ್ಮ ಸ್ಟುಡಿಯೋಕ್ಕೆ ಬಂದ. ‘ತೂಬಿಗೆ ಸರಪಳಿ ಸುತ್ತಿ ಬೀಗ ಜಡದಾರ. ಕೇಳಿದ್ರ, ಕೆರಿ ಇನ್ನ ವರ್ಷಾನಗಟ್ಟಲೆ ತುಂಬೇ ಇರಬೇಕು, ಮತ್ತ ಸಾಹೇಬ್ರು ಬರಾವ್ರು ಅದಾರ ಅಂತಾರ. ಕಣ್ಮುಂದ ನೀರೈತಿ, ಹೊಲಾ ಬಿರಿಯಾಕತ್ತೈತಿ. ಇದನ್ಯಾರಿಗೆ ಹೇಳಬೇಕ?’ ಎಂದ. ಛೇಡಿಸುವ ಹುಚ್ಚೀರಪ್ಪ ಅವನಲ್ಲಿ ಉಳಿದಿರಲಿಲ್ಲ.

ತಮ್ಮ ಕಚೇರಿಗೆ ಫೋನ್ ಮಾಡಿದೆ. ‘ಸದಾ ತುಂಬಿದ ಕೆರೆ’ ಎಂಬುದು ಯೋಜನೆಯ ಹೆಸರಂತೆ. ಪ್ರವಾಸಿಗರು ಬಂದಾಗ ಕೆಸರು ಕಾಣಬಾರದಂತೆ. ಕೀಲಿಕೈ ತಮ್ಮ ಕಪಾಟಿನಲ್ಲಿದೆಯಂತೆ. ಅಂದರೆ ಲೆಕ್ಕ ಹೀಗಾಯಿತು: ಬರಗಾಲದ ಸೀಮೆಯ ನೀರಿಗೆ ವಿರೋಧಿ ಎಂದು ನನ್ನ ಹಣೆಗೆ ಬರೆದವರು, ಆ ನೀರನ್ನು ರೈತನಿಗೂ ಕೊಡದೆ, ಹಕ್ಕಿಗೂ ಬಿಡದೆ, ನೋಡಲು ಇಟ್ಟಿದ್ದಾರೆ. ಯಾರ ಬಾಯಾರಿಕೆಗೂ ಅಲ್ಲದ, ಯಾರ ಹಸಿವಿಗೂ ಅಲ್ಲದ ನೀರಿಗೆ ಕಾವಲು ಯಾಕೆ? ಕೆಸರು ಕಂಡರೆ ತಮಗೆ ಅಷ್ಟೇಕೆ ಅಸಹ್ಯ? ಆ ಕೆಸರಿನಲ್ಲೇ ಹುಳ ಇರುವುದು, ಹುಳ ಇರುವುದಕ್ಕೇ ಹಕ್ಕಿ ಬರುವುದು, ಹಕ್ಕಿ ಬರುವುದಕ್ಕೇ ತಮಗೊಂದು ಹುದ್ದೆ, ಹುದ್ದೆಗೊಂದು ಜೀಪು ಬಂದದ್ದು. ಕೆಸರಿಗೆ ತಾವು ಕೃತಜ್ಞರಾಗಿರಬೇಕಿತ್ತು.

ಕಳೆದ ವಾರ ಬೆಳಿಗ್ಗೆ ಅವ್ವನನ್ನು ಕರೆದುಕೊಂಡು ಕೆರೆಗೆ ಹೋದೆ. ಅವಳೇ ಬರುತ್ತೇನೆ ಎಂದಳು, ಇಷ್ಟು ವರ್ಷದಲ್ಲಿ ಮೊದಲ ಸಲ. ಬಿಸಿಲು ಏರುವ ಹೊತ್ತಿಗೆ ಮೆಟ್ಟುಗಾಲು ಹಕ್ಕಿಗಳ ಒಂದು ಗುಂಪು ದಕ್ಷಿಣದಿಂದ ಬಂತು. ಹಾರುವಾಗ ಅವುಗಳ ಕಾಲು ಬಾಲದಾಚೆಗೂ ಚಾಚಿರುತ್ತವೆ. ಇಳಿಜಾರಿನ ಬದಿಯ ಮೇಲೆ ಒಂದು ಸುತ್ತು ಬಂದವು. ಒಂದು ಹಕ್ಕಿ ಕಾಲು ಕೆಳಗೆ ಬಿಟ್ಟು ಇಳಿಯಲು ಹೋಯಿತು, ತಳ ಸಿಗದೆ ನೀರನ್ನು ಬಡಿದು ಮೇಲೆದ್ದಿತು. ಮತ್ತೊಂದು ಸುತ್ತು ಬಂದವು. ಅವ್ವ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಿದ್ದಳು. ‘ಇಳೀಲಿಕ್ಕ ಯಾಕ ಒಲ್ಲವು?’ ಎಂದಳು. ಕಾಲೂರಲು ಜಾಗವಿಲ್ಲ ಎಂದೆ. ‘ಉಣ್ಣಾಕ ಬಂದಾವು?’ ಎಂದಳು. ಹೌದೆಂದೆ. ಅವು ಹೊಳೆಯ ಕಡೆಗೆ ತಿರುಗಿ ಕಾಣದಾಗುವವರೆಗೂ ಅವಳು ಅಲ್ಲೇ ನಿಂತಿದ್ದಳು. ‘ಬಾಗಲಕ ಬಂದವ್ರನ್ನ ಉಪಾಸ ಕಳಿಸಿದಂಗಾತು’ ಎಂದಳು.

ಮೆಟ್ಟುಗಾಲು ಹಕ್ಕಿಗಳಾದರೂ ಇಲ್ಲೇ ಎಲ್ಲೋ ಇರುತ್ತವೆ. ಗೊರವ, ಉಲ್ಲಂಕಿಗಳ ಪಾಡು ಬೇರೆ. ಅವು ಹಿಮಾಲಯದಾಚೆಯಿಂದ ಬಂದವು, ಯುಗಾದಿಯ ಸುಮಾರಿಗೆ ಅಷ್ಟು ದೂರ ಮರಳಿ ಹಾರಬೇಕು. ಅದಕ್ಕೆ ಮೊದಲು ಈ ವಾರಗಳಲ್ಲಿ ಹೊಟ್ಟೆ ತುಂಬ ತಿಂದು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳಬೇಕು. ದಾರಿಯಲ್ಲಿ ಅವಕ್ಕೆ ಯಾರೂ ಶಾಮಿಯಾನ ಹಾಕಿ ಕಾಯುತ್ತಿರುವುದಿಲ್ಲ. ಇಲ್ಲಿ ತಿಂದದ್ದರ ಮೇಲೆ ಅವು ಹಾರಬೇಕು. ತಾವು ಮುಂದಿನ ಉತ್ಸವಕ್ಕೆ ತಯಾರಿ ನಡೆಸುವ ಹೊತ್ತಿಗೆ ಇಲ್ಲಿ ಉತ್ಸವ ಮಾಡಿಸಿಕೊಳ್ಳಲು ಯಾವ ಹಕ್ಕಿ ಬದುಕಿ ಬಂದಿರುತ್ತದೆ ಎಂಬುದು ಈ ಕೆಲವು ವಾರಗಳಲ್ಲಿ ತೀರ್ಮಾನವಾಗುತ್ತದೆ. ಇದನ್ನು ನೆನೆದರೆ ನನಗೆ ನಿದ್ದೆ ಬರುವುದಿಲ್ಲ, ತಮಗೆ ಬರುತ್ತದೆ ಎಂದು ಕೇಳಿದ್ದೇನೆ.

ಹಾಗಾಗಿ ನನ್ನ ಬೇಡಿಕೆ. ನನ್ನ ಚಿತ್ರವನ್ನು ಇಟ್ಟುಕೊಳ್ಳಿ. ಬಹುಮಾನವನ್ನೂ ವಾಪಸ್ ಕೇಳಬೇಡಿ, ಆ ಹುಡುಗನ ಹತ್ತಿರ ಇರಲಿ. ಸಭೆ ಕರೆಯಬೇಡಿ, ತಜ್ಞರ ಸಮಿತಿ ಮಾಡಬೇಡಿ, ಪರಿಶೀಲಿಸಲಾಗುವುದು ಎಂದು ಉತ್ತರ ಬರೆಯಬೇಡಿ. ತಾವು ಖುದ್ದು ಬರುವ ತೊಂದರೆಯನ್ನಂತೂ ತೆಗೆದುಕೊಳ್ಳಲೇಬೇಡಿ, ತಾವು ಬಂದಾಗಲೆಲ್ಲ ನಮ್ಮ ಕೆರೆಗೆ ಏನಾದರೊಂದು ಆಗುತ್ತದೆ. ಕಪಾಟಿನಲ್ಲಿರುವ ಕೀಲಿಕೈಯನ್ನು ಜೀಪಿನ ಚಾಲಕರ ಕೈಗೆ ಕೊಟ್ಟು ಕಳಿಸಿ, ಸಾಕು. ಬೀಗವನ್ನು ಹುಚ್ಚೀರಪ್ಪ ತೆಗೆಯುತ್ತಾನೆ. ಆಮೇಲೆ ನೀರು ಇಳಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಹಕ್ಕಿ ಬಂದರೆ ಬಂದವು. ತಾವು ತಡಮಾಡಿದ್ದರಿಂದ ಅವು ಬರದೆ ಹೋದರೆ, ಈ ವರ್ಷ ನಮ್ಮ ಕೆರೆಯಿಂದ ಹಸಿದುಕೊಂಡು ಹಿಮಾಲಯ ದಾಟಲು ಹೊರಟವು ಎಂದು ತಿಳಿದುಕೊಳ್ಳುತ್ತೇನೆ. ಯಾರು ಹಸಿವಿನಲ್ಲಿ ಕಳಿಸಿದರು ಎಂಬುದನ್ನು ಊರೂ ತಿಳಿದುಕೊಂಡಿದೆ.

ಇಂತಿ,
ತಮ್ಮ ಉತ್ಸವದಲ್ಲಿ ತೀರ್ಪು ಕೊಟ್ಟರೂ ಯಾರೂ ಕೇಳದ ತೀರ್ಪುಗಾರ್ತಿ,
ಈ ಚಳಿಗಾಲ ಕೆರೆಯಂಚಿನಲ್ಲಿ ಏನೂ ಕೆಲಸವಿಲ್ಲದ
ಶೈಲಾ
ಲಕ್ಷ್ಮೇಶ್ವರ